ಕತ್ತರಿಗೆ ಮುಂಚೆ

ನಮ್ಮ ಮಾಯಕೊಂಡದಲ್ಲಿ ಹೊಲಿಗೆ ಮಿಷನ್ನು ಇದ್ದ ಮನೆಗಳು ಆಗಲೂ ಕಡಿಮೆ ಇರಲಿಲ್ಲ. ಮದುವೆಯಲ್ಲಿ ತವರಿನವರು ಕೊಟ್ಟದ್ದು, ಕಂತಿನಲ್ಲಿ ತಂದದ್ದು, ಅತ್ತೆಯಿಂದ ಬಳುವಳಿಯಾಗಿ ಬಂದದ್ದು, ಹೀಗೆ ನಮ್ಮ ಓಣಿಯೊಂದರಲ್ಲೇ ಆರೇಳು ಇದ್ದವು. ಸೀರೆಗೆ ಫಾಲ್ಸ್ ಹಚ್ಚುವುದು, ದಿಂಬಿನ ಕವರು, ಮಕ್ಕಳ ಚಡ್ಡಿ, ಹರಿದ ಚೀಲಕ್ಕೆ ತೇಪೆ ಎಲ್ಲಾ ಅವರವರ ಮನೆಯಲ್ಲೇ ಆಗುತ್ತಿತ್ತು. ಆದರೆ ರವಿಕೆ ಬಟ್ಟೆಗೆ ಕತ್ತರಿ ಹಾಕುವುದು ಅಂದರೆ ಮಾತ್ರ ಎಲ್ಲರಿಗೂ ಕೈ ನಡುಕ. ಸೀರೆಯ ಜೊತೆಗೆ ಬರುವ ತುಂಡು 80 ಸೆಂಟಿಮೀಟರು. ತೋಳಿಗೆ ಒಂದಂಗುಲ ತಪ್ಪಿ ಹೋದರೆ ಅದೇ ಬಣ್ಣದ, ಅದೇ ಅಂಚಿನ ಇನ್ನೊಂದು ತುಂಡು ಈ ಭೂಮಿಯ ಮೇಲೆ ಎಲ್ಲಿ ಸಿಕ್ಕೀತು, ಹೇಳಿ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿಸಿದ್ದನ್ನು ಬಿಚ್ಚುವ ವಿದ್ಯೆ ಯಾರಿಗೂ ಬಾರದು.

ಆ ಬಟ್ಟೆಗಳೆಲ್ಲ ಬರುತ್ತಿದ್ದದ್ದು ನನ್ನ ಅವ್ವನ ಹತ್ತಿರ. ಅವಳು ಅವನ್ನು ತಕ್ಷಣ ಮುಟ್ಟುತ್ತಿರಲಿಲ್ಲ. ಬಟ್ಟೆ ಹಿಡಿದುಕೊಂಡು ಬಾಗಿಲ ಹೊರಗೆ ಬಂದು ಬಿಸಿಲಿಗೆ ಹಿಡಿಯುತ್ತಿದ್ದಳು. ಅಂಚಿನ ಪಕ್ಕದಿಂದ ಒಂದು ಎಳೆ ಎಳೆದು ನೋಡುತ್ತಿದ್ದಳು. ಅಡ್ಡಕ್ಕೆ ಜಗ್ಗುವಳು, ಉದ್ದಕ್ಕೆ ಜಗ್ಗುವಳು, ಮೂಲೆಯಿಂದ ಮೂಲೆಗೆ ಜಗ್ಗುವಳು. ಕಾಯುತ್ತ ನಿಂತವರಿಗೆ ಇದು ಶಾಸ್ತ್ರ ಮಾಡಿದಂತೆ ಕಾಣುತ್ತಿತ್ತು. "ನಾಳೆ ಮುಂಜಾನೆ ಅರಿಶಿಣ ಶಾಸ್ತ್ರ ಐತೆ ಕಣಕ್ಕಾ" ಎಂದು ಅವರು ಗೋಗರೆದರೂ ಅವಳದು ಒಂದೇ ಮಾತು. "ಲೈನಿಂಗ್ ಬಟ್ಟೆ ನೀರಿಗೆ ಹಾಕಿದ್ದೀಯೇನು? ಇಲ್ಲಾ? ಹಂಗಾರೆ ಮನೆಗೆ ಹೋಗಿ ನೆನೆಹಾಕಿ, ನೆರಳಾಗೆ ಒಣಗಿಸ್ಕಂಡು ಬಾ."

ಈ ಮಾತಿನ ಅರ್ಥ ನನಗೆ ಸರಿಯಾಗಿ ಆದದ್ದು ಅವ್ವನಿಂದ ಅಲ್ಲ, ಅಪ್ಪನಿಂದ.

ಅಪ್ಪ ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮಾರ್ಕಿಂಗ್ ಕೆಲಸಕ್ಕಿದ್ದರು. ಹರಿಹರ ಎಂದರೆ ಲೇತು ಮಿಷನ್ನಿನ ಊರು. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ನಾನಾ ಕಡೆಗೆ ಹೋದವು. ಆ ಕಾರ್ಖಾನೆ ಈಗಿಲ್ಲ. ಅದು ನಡೆಯುತ್ತಿದ್ದ ಕಾಲದಲ್ಲಿ ಅದರ ಸುತ್ತಮುತ್ತ ಎರಕದವರು, ಫಿಟ್ಟರುಗಳು, ಟರ್ನರುಗಳು ಅಂತ ಒಂದು ಕುಲವೇ ಬೆಳೆಯಿತು. ನಮ್ಮ ಊರು ಬೆಂಗಳೂರು ಹುಬ್ಬಳ್ಳಿ ರೈಲು ದಾರಿಯ ಮೇಲಿದೆಯಲ್ಲ, ಅಪ್ಪ ಬೆಳಗಿನ ಪ್ಯಾಸೆಂಜರಿಗೆ ಬುತ್ತಿ ಹಿಡಿದು ಹೊರಟರೆ ತೋಳಹುಣಸೆ, ದಾವಣಗೆರೆ ದಾಟಿ ಹರಿಹರ. ಸಂಜೆ ಮನೆಗೆ ಬಂದಾಗ ಬೆರಳುಗಳ ಸಂದಿಯಲ್ಲಿ ತೆಳುನೀಲಿ ಕಲೆ ಇರುತ್ತಿತ್ತು. ಅದು ಮೈಲುತುತ್ತದ್ದು.

ಮೈಲುತುತ್ತ ಎಂದರೆ ಅಡಿಕೆ ತೋಟದವರಿಗೆ ಗೊತ್ತು. ಸುಣ್ಣದ ಜೊತೆ ಕಲಸಿ ಕೊಳೆರೋಗಕ್ಕೆ ಹೊಡೆಯುವ ಔಷಧಿ ಅದೇ. ಅದಕ್ಕೂ ವರ್ಕ್‌ಶಾಪಿಗೂ ಏನು ಸಂಬಂಧ ಎಂದು ನಾನು ಒಮ್ಮೆ ಕೇಳಿದ್ದೆ. ಅಪ್ಪ ಒಂದು ಹಳೇ ಕಬ್ಬಿಣದ ಪಟ್ಟಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಮೈಲುತುತ್ತದ ನೀರನ್ನು ಹತ್ತಿಯಲ್ಲಿ ಅದ್ದಿ ಸವರಿದರು. ನೋಡುತ್ತಿದ್ದಂತೆ ಪಟ್ಟಿಯ ಮೇಲೆ ತಾಮ್ರದ ತೆಳುವಾದ ಪೊರೆ ಕೂತಿತು. ಅದರ ಮೇಲೆ ಚೂಪಾದ ಉಕ್ಕಿನ ಕಡ್ಡಿಯಿಂದ ಗೀಚಿದರೆ, ಕೆಂಪು ನೆಲದ ಮೇಲೆ ಬೆಳ್ಳಿಯ ಎಳೆಯಂಥ ಗೆರೆ! ಅಂಥ ನಯವಾದ ಮೈಗೆ ಮೈಲುತುತ್ತ, ಎರಕದಿಂದ ಆಗಷ್ಟೇ ಬಂದ ಒರಟು ಬೀಡಿಗೆ ಸುಣ್ಣ. ಗೆರೆ ಎಳೆದಾದ ಮೇಲೆ ಅದರ ಉದ್ದಕ್ಕೂ ಸಣ್ಣ ಪಂಚಿನಿಂದ ಚುಕ್ಕಿ ಹೊಡೆಯುತ್ತಾರೆ. ಎಣ್ಣೆ ನೀರು ಬಿದ್ದು ಗೆರೆ ಅಳಿಸಿದರೂ ಚುಕ್ಕಿ ಉಳಿದಿರುತ್ತದೆ. ಮಿಷನ್ನಿನವನು ಆ ಗೆರೆಯವರೆಗೆ ಕೊರೆದು ನಿಲ್ಲಿಸಿದಾಗ ಪ್ರತಿ ಚುಕ್ಕಿಯೂ ಅರ್ಧ ಹೋಗಿ ಅರ್ಧ ಉಳಿದಿರಬೇಕು. ಪೂರ್ತಿ ಹೋದರೆ ಹೆಚ್ಚು ಕೊರೆದ, ಪೂರ್ತಿ ಉಳಿದರೆ ಕಡಿಮೆ ಕೊರೆದ. ಜಗಳವಾದರೆ ಆ ಅರ್ಧ ಚುಕ್ಕಿಯೇ ಸಾಕ್ಷಿ ಎನ್ನುತ್ತಿದ್ದರು ಅಪ್ಪ. ನಮ್ಮ ಮನೆಯ ರಂಗೋಲಿ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತಿತ್ತು.

ಲೈನಿಂಗ್ ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಲೇತಿನ ಹಾಸು, ಅಂದರೆ ಇಡೀ ಮಿಷನ್ನು ಕೂರುವ ಆ ಉದ್ದನೆಯ ಬೀಡಿನ ದಿಮ್ಮಿಯನ್ನು ಎರಕ ಹೊಯ್ದ ತಕ್ಷಣ ಹಿಂದೆಲ್ಲ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲವಂತೆ. ಅಂಗಳದಲ್ಲಿ ಬಿಸಿಲಿಗೆ, ಮಳೆಗೆ ತಿಂಗಳುಗಟ್ಟಲೆ ಬಿದ್ದಿರಲು ಬಿಡುತ್ತಿದ್ದರು. ಎರಕ ಆರುವಾಗ ತೆಳುವಾದ ಕಡೆ ಬೇಗ, ದಪ್ಪಗಿದ್ದ ಕಡೆ ತಡವಾಗಿ ತಣಿಯುತ್ತದೆ. ಹಾಗಾಗಿ ಅದರ ಒಳಗೆ ಒಂದು ಸೆಳೆತ ಉಳಿದುಬಿಡುತ್ತದೆ. ಅದು ಸಡಿಲವಾಗುವ ಮುಂಚೆಯೇ ಗೆರೆ ಎಳೆದು ಕೊರೆದರೆ, ಇವತ್ತು ನೆಟ್ಟಗಿದ್ದದ್ದು ಮುಂದೆ ಸೊಟ್ಟಗಾಗುತ್ತದೆ. ಇದನ್ನು ಕೇಳಿದ ಅವ್ವ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿ, "ಅದೇ ಅಲ್ಲೇನು ನಾನು ಲೈನಿಂಗ್ ನೆನೆಹಾಕ್ರಿ ಅನ್ನೋದು" ಎಂದಳು. ಮಗ್ಗದ ಮೇಲೆ ಹಾಸಿನ ಎಳೆಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಮೊದಲ ನೀರು ತಾಗಿದಾಗ ಅವು ಬಿಗಿ ಬಿಟ್ಟು ತಮ್ಮ ನಿಜವಾದ ಉದ್ದಕ್ಕೆ ಬರುತ್ತವೆ. ಮೇಲಿನ ರೇಷ್ಮೆ ಹಾಗೇ ಇದ್ದು ಒಳಗಿನ ಹತ್ತಿ ಮಾತ್ರ ಕುಗ್ಗಿದರೆ ರವಿಕೆ ಮೈಮೇಲೆ ಸುಕ್ಕು ಹಿಡಿದು ಕೂರುತ್ತದೆ. ಆಮೇಲೆ ಬೈಸಿಕೊಳ್ಳುವವಳು ದರ್ಜಿ.

ಅಪ್ಪ ಅವ್ವ ಇಬ್ಬರ ಕಸುಬೂ ಒಂದೇ ಎಂದು ನನಗೆ ಅನ್ನಿಸಲು ಶುರುವಾದದ್ದು ಆಗ. ಬೀಡು ಆರುವಾಗ ಅಡಿಗೆ ಸುಮಾರು ಅಂಗುಲದ ಎಂಟನೇ ಒಂದು ಭಾಗ, ನಮ್ಮ ಕಡೆ ಬಡಗಿಗಳು ಒಂದು ನೂಲು ಅನ್ನುತ್ತಾರಲ್ಲ ಅಷ್ಟು, ಕುಗ್ಗುತ್ತದೆ. ಅದಕ್ಕೆಂದೇ ಎರಕದ ಮರದ ಅಚ್ಚು ಮಾಡುವವರ ಅಳತೆಪಟ್ಟಿಯಲ್ಲಿ ಒಂದಡಿ ಎಂದರೆ ನಿಜವಾದ ಅಡಿಗಿಂತ ಅಷ್ಟು ಉದ್ದ. ಅದರ ಮೇಲೆ ಕೊರೆದು ನಯ ಮಾಡುವುದಕ್ಕೆ ಅಂತ ಮತ್ತಷ್ಟು ದಪ್ಪ ಬಿಡುತ್ತಾರೆ. ನಾವು ಹೊಲಿಗೆಗೆ ಬಿಡುವ ಅರ್ಧ ಅಂಗುಲ, ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಎಂದು ಪಕ್ಕದಲ್ಲಿ ಬಿಡುವ ಒಂದೂವರೆ ಅಂಗುಲ ಇದ್ದ ಹಾಗೆ.

ಸಾಮಾನು ಗುರುತಿಸುವುದಕ್ಕೂ ಇಬ್ಬರಿಗೂ ಬೆಂಕಿಯೇ ಬೇಕಿತ್ತು. ಯಾವುದು ಯಾವ ಉಕ್ಕು ಎಂದು ಅನುಮಾನ ಬಂದರೆ ಸಾಣೆಚಕ್ರಕ್ಕೆ ಹಿಡಿದು ಕಿಡಿ ನೋಡುವುದು. ಮೆದು ಉಕ್ಕಿನದು ಉದ್ದುದ್ದ ಹುಲ್ಲುಬಣ್ಣದ ಗೆರೆ. ಇಂಗಾಲ ಹೆಚ್ಚಿರುವ ಗಟ್ಟಿ ಉಕ್ಕಿನದು ಸುರ್‌ಸುರ್‌ಬತ್ತಿಯ ಹಾಗೆ ಕವಲೊಡೆಯುವ ನಕ್ಷತ್ರ. ಬೀಡಿನದು ಗಿಡ್ಡ, ಮಂಕು ಕೆಂಪು. ಅವ್ವನದು ಬೆಂಕಿಕಡ್ಡಿಯ ಪರೀಕ್ಷೆ. ಎಳೆ ಸುಟ್ಟಾಗ ಕಾಗದದ ವಾಸನೆ ಬಂದು ಮೆತ್ತನೆ ಬೂದಿಯಾದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದು ಉಂಡೆ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ, ಚಿವುಟಿದರೂ ಒಡೆಯದ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಈ ಪರೀಕ್ಷೆಗೆ ಸಿಕ್ಕದ ಒಂದು ಬಟ್ಟೆ ಇದೆ, ಅದು ರೇಯಾನ್. ಅದೂ ಕಾಗದದ ಹಾಗೇ ಉರಿಯುತ್ತದೆ. ಉರಿಯದೆ ಏನು ಮಾಡೀತು, ಅದು ಹುಟ್ಟಿದ್ದೇ ಮರದಿಂದ. ಅದಕ್ಕೆ ಬೇಕಾದ ತಿರುಳು ನಮ್ಮ ಪಕ್ಕದಲ್ಲೇ ತಯಾರಾಗುತ್ತದೆ. ತುಂಗಭದ್ರೆಯ ಆಚೆ ದಡ, ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್. 1972ರಲ್ಲಿ ಶುರುವಾದದ್ದು. ನೀಲಗಿರಿ ಮರ ಅದರ ಮುಖ್ಯ ಸಾಮಾನು. ಆ ಮರಕ್ಕಾಗಿ ಊರುಗಳ ಗೋಮಾಳದಲ್ಲಿ ನೀಲಗಿರಿ ಬೆಳೆಸಹೊರಟಾಗ, 1987ರಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಸಸಿಗಳನ್ನು ನೆಟ್ಟರು. "ಕಿತ್ತಿಕೋ ಹಚ್ಚಿಕೋ" ಎಂದು ಅದಕ್ಕೆ ಹೆಸರಾಯಿತು. ಜುಳುಜುಳು ಇಳಿಬೀಳುವ ಒಂದು ಬಟ್ಟೆಯ ಹಿಂದೆ ಯಾರದೋ ದನ ಮೇಯುವ ಜಾಗದ ಪ್ರಶ್ನೆಯೂ ಇರುತ್ತದೆ ಅನ್ನುವುದು ಚೌಕಿಪೇಟೆಯ ಅಂಗಡಿಯಲ್ಲಿ ಕೂತಾಗ ನಮಗೆ ಎಲ್ಲಿ ಹೊಳೆಯುತ್ತದೆ! ಅದಿರಲಿ. ರೇಯಾನನ್ನು ಅವ್ವ ಪತ್ತೆ ಮಾಡುತ್ತಿದ್ದದ್ದು ಎಂಜಲಿನಿಂದ. ಎಳೆಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಎಳೆದರೆ ಹತ್ತಿ ಮತ್ತಷ್ಟು ಗಟ್ಟಿಯಾಗಿ ನಿಲ್ಲುತ್ತದೆ, ರೇಯಾನ್ ಒದ್ದೆಯಾದ ಜಾಗದಲ್ಲೇ ಪಟಕ್ಕನೆ ಕಡಿಯುತ್ತದೆ. ಅಂಥದಕ್ಕೆ ಬಿಗಿ ತೋಳು ಇಡುತ್ತಿರಲಿಲ್ಲ ಅವಳು. ಬೆವರಿದರೆ ಕಂಕುಳಲ್ಲಿ ಹರಿಯುತ್ತದೆ ಅಂತ.

2002ರ ಹೊತ್ತಿಗೆ ಅಪ್ಪನ ವರ್ಕ್‌ಶಾಪಿನಲ್ಲಿ ಕೆಲಸ ಕಡಿಮೆಯಾಗುತ್ತಾ ಬಂದು ಒಂದು ದಿನ ನಿಂತೇಹೋಯಿತು. ಐವತ್ತು ದಾಟಿದವರಿಗೆ ಹೊಸ ಕೆಲಸ ಯಾರು ಕೊಡುತ್ತಾರೆ? ನಾನು ದಾವಣಗೆರೆಯಲ್ಲಿ ಡಿಗ್ರಿಯ ಕೊನೇ ವರ್ಷ. ತಮ್ಮ ಪಿಯುಸಿ. ಅಪ್ಪ ಒಂದೆರಡು ತಿಂಗಳು ರೈಲಿನ ಹೊತ್ತಿಗೆ ಎದ್ದು ಸ್ನಾನ ಮಾಡಿ, ಹೋಗಲು ಜಾಗವಿಲ್ಲದೆ ಪಡಸಾಲೆಯಲ್ಲಿ ಕೂರುತ್ತಿದ್ದರು. ಆ ಸಮಯಕ್ಕೆ ಅವ್ವನಿಗೆ ಒಂದು ಶಾಲೆಯ ಸಮವಸ್ತ್ರದ ಕೆಲಸ ಬಂತು. 40 ಹುಡುಗಿಯರಿಗೆ ಪಟ್ಟಿ ಇರುವ ನೀಲಿ ಲಂಗ. ಬಟ್ಟೆ ಶಾಲೆಯವರದೇ, 60 ಮೀಟರು. ಕಡಿಮೆ ಬಿದ್ದರೆ ನಾವೇ ತುಂಬಿಕೊಡಬೇಕು ಎಂಬ ಕರಾರು. ಅವತ್ತು ರಾತ್ರಿ ಅವ್ವ ಊಟ ಸರಿಯಾಗಿ ಮಾಡಲಿಲ್ಲ. ಒಂದು ಮೀಟರು ಕೊಂಡು ತುಂಬುವ ಸ್ಥಿತಿಯೂ ನಮ್ಮದಾಗಿರಲಿಲ್ಲ.

ಮರುದಿನ ಅಪ್ಪ ಪಡಸಾಲೆಯಿಂದ ಎದ್ದು ಬಂದು ಬಟ್ಟೆಯ ಥಾನುಗಳ ಮುಂದೆ ಕೂತರು. ಮೂರು ಥಾನು ಇದ್ದವು. ಮೊದಲು ಮಾಡಿದ ಕೆಲಸವೆಂದರೆ ಮೂರನ್ನೂ ಅಂಗಳಕ್ಕೆ ಒಯ್ದು ಬಿಸಿಲಿಗೆ ಬಿಡಿಸಿದ್ದು. ಅದು ಅವ್ವನ ಸಲಹೆ. ಟ್ಯೂಬ್‌ಲೈಟಿನಲ್ಲಿ ಒಂದೇ ನೀಲಿ ಅನ್ನಿಸಿದ್ದು ಬಿಸಿಲಲ್ಲಿ ನೋಡಿದರೆ ಮೂರನೆಯದು ಒಂದು ಕೂದಲೆಳೆ ಮಬ್ಬು. ಬೇರೆ ಬೇರೆ ಬಣ್ಣದ ಕಡಾಯಿಯಲ್ಲಿ ಅದ್ದಿದ ಮಾಲು. ಲಂಗ ಒಂದರಿಂದ, ಸೊಂಟದ ಪಟ್ಟಿ ಇನ್ನೊಂದರಿಂದ ಆದರೆ ಹುಡುಗಿ ಬಿಸಿಲಿಗೆ ಬಂದ ಕೂಡಲೇ ಎದ್ದು ಕಾಣುತ್ತದೆ. ಅಪ್ಪನಿಗೆ ಇದು ಗೊತ್ತಿದ್ದ ವಿಷಯವೇ. ವರ್ಕ್‌ಶಾಪಿನ ಸ್ಟೋರಿನಲ್ಲಿ ಉಕ್ಕಿನ ಸರಳುಗಳ ಒಂದು ತುದಿಗೆ ಜಾತಿಗೊಂದು ಬಣ್ಣ ಬಳಿದಿರುತ್ತಾರಂತೆ. ಬಣ್ಣವಿಲ್ಲದ ತುದಿಯಿಂದಲೇ ಕೊಯ್ಯಬೇಕು, ಬಣ್ಣದ ತುದಿ ಕೊನೆಯ ಗೇಣಿನವರೆಗೂ ಉಳಿಯಬೇಕು. ಹಾಗೆಯೇ ಮಿಲ್ಲಿನ ಮುದ್ರೆ ಇದ್ದ ತುದಿಯನ್ನು ಕೊನೆಗೆ ಇಟ್ಟುಕೊಂಡು, ಪ್ರತಿ ತುಂಡಿನ ಒಳಮೈಗೆ ಸೀಮೆಸುಣ್ಣದಲ್ಲಿ ಥಾನಿನ ನಂಬರು, ಹುಡುಗಿಯ ನಂಬರು ಬರೆದರು. 40 ಹುಡುಗಿಯರಿಗೆ 40 ಕಟ್ಟು. ಬೆರೆಯುವ ಪ್ರಶ್ನೆಯೇ ಇಲ್ಲ.

ಗುರುತು ಹಾಕುವಾಗ ಮಾತ್ರ ಇಬ್ಬರಿಗೂ ಜಟಾಪಟಿ. ಅಪ್ಪ ಹಳೇ ಕ್ಯಾಲೆಂಡರಿನ ರಟ್ಟಿನಲ್ಲಿ ಪಟ್ಟಿ, ಬೆಲ್ಟು, ಲಂಗದ ಭಾಗ ಎಲ್ಲ ಕತ್ತರಿಸಿಕೊಂಡು ಬಟ್ಟೆಯ ಮೇಲೆ ಹೊಂದಿಸತೊಡಗಿದರು. ತಗಡಿನ ಮೇಲೆ ಹೊಂದಿಸಿದ ಹಾಗೆ ಭುಜದ ಪಟ್ಟಿಯನ್ನು ಓರೆಗೆ ಮಲಗಿಸಿ, ಎಷ್ಟು ಚೆನ್ನಾಗಿ ಹಿಡಿಯಿತು ನೋಡು ಅಂದರು. ಅವ್ವ ರಟ್ಟು ಕಿತ್ತು ನೆಟ್ಟಗಿಟ್ಟಳು. "ಇದು ತಗಡಲ್ಲ. ಓರೆಗೆ ಕತ್ತರಿಸಿದ್ರೆ ಪಟ್ಟಿ ಜಗ್ಗಿ ಜಗ್ಗಿ ಜೋತಾಡ್ತೈತೆ. ಹುಡುಗಿ ಚೀಲ ಹೊತ್ಕಂಡು ಹೋಗೋದು ಬ್ಯಾಡವಾ?" ಬಟ್ಟೆಗೆ ಹಾಸಿನ ದಿಕ್ಕು ಒಂದು, ಹೊಕ್ಕಿನ ದಿಕ್ಕು ಒಂದು. ಎರಡರ ನಡುವಿನ ಓರೆಯಲ್ಲಿ ಅದು ರಬ್ಬರು. ಕಟೋರಿ ರವಿಕೆಗೆ, ಕುತ್ತಿಗೆಯ ಪೈಪಿಂಗಿಗೆ ಆ ಓರೆ ಬೇಕು. ಭಾರ ಹೊರುವ ಪಟ್ಟಿಗೆ ಬೇಡ. ಅಪ್ಪ ಒಪ್ಪಿದರು. ಅವರ ಹಠ ಬೇರೆ ವಿಷಯದಲ್ಲಿತ್ತು. ಒಂದು ತುಂಡಿನ ಕೊನೆಯಿಂದ ಮುಂದಿನ ತುಂಡು ಅಳೆಯುವುದು ಅವರಿಗೆ ಸೇರದು. ಎಲ್ಲಾ ಅಳತೆಯೂ ಒಂದೇ ಅಂಚಿನಿಂದ, ಒಂದೇ ಮೂಲೆಯಿಂದ ಬರಬೇಕು. ಇಲ್ಲದಿದ್ದರೆ ಒಂದೊಂದು ಗುರುತಿನಲ್ಲಿ ಸೀಮೆಸುಣ್ಣದ ದಪ್ಪದಷ್ಟು ತಪ್ಪಿದರೂ ನಲವತ್ತನೆಯದರಲ್ಲಿ ಅಂಗೈಯಗಲ ಹೋಗಿರುತ್ತದೆ. ಸೀಮೆಸುಣ್ಣವೇ ದಪ್ಪವಾಯಿತೆಂದು ಬಚ್ಚಲಿನಿಂದ ಸವೆದ ಸೋಪಿನ ಚೂರು ತಂದು ಅಲಗಿನ ಹಾಗೆ ತೀಡಿಕೊಂಡರು. ನೀಲಿಯ ಮೇಲೆ ಸೋಪಿನ ಗೆರೆ ಎಷ್ಟು ಸ್ಪಷ್ಟವಾಗಿ ಮೂಡಿತು! ತೊಳೆದರೆ ಕಲೆಯೂ ಇಲ್ಲ. ಇಬ್ಬರೂ ಹಾಸಿದ ಬಟ್ಟೆಯ ಆ ಕಡೆ ಈ ಕಡೆ ಮಂಡಿಯೂರಿ ಎರಡು ದಿನ ಗೆರೆ ಎಳೆದರು. ಆ ಎರಡು ದಿನ ಕತ್ತರಿ ಗೂಡಿನಲ್ಲೇ ಇತ್ತು. ಮೂರನೇ ದಿನ ಒಂದೇ ಮಧ್ಯಾಹ್ನ ಎಲ್ಲಾ ಕತ್ತರಿಸಿ ಮುಗಿಯಿತು.

ಉಳಿದದ್ದು 4 ಮೀಟರು. ಚಿಂದಿಯಲ್ಲ, ಪೂರಾ ಅಗಲದ ಬಟ್ಟೆ.

ದರ್ಜಿಗಳ ಬಗ್ಗೆ ನಾವೆಲ್ಲ ಆಡುವ ಮಾತು ಗೊತ್ತಲ್ಲ, ಉಳಿದ ಬಟ್ಟೆ ಅವರ ಮಗಳ ಮೈಮೇಲೆ ಕಾಣುತ್ತೆ ಅಂತ. ಅವ್ವ ಆ 4 ಮೀಟರನ್ನೂ, ಚೂರುಪಾರಿನ ಗಂಟನ್ನೂ ಲಂಗಗಳ ಜೊತೆ ಕಳಿಸಿದಳು. ಶಾಲೆಯವರು ಬಟ್ಟೆಯನ್ನು ತಿರುಗಿಸಿ ಕಳಿಸಿ, ತಡವಾಗಿ ಸೇರಿದ ಇಬ್ಬರು ಹುಡುಗಿಯರು ಪಟ್ಟಿಯಲ್ಲಿರಲಿಲ್ಲ, ಅವರಿಗೂ ಆಗುತ್ತಾ ನೋಡಿ ಎಂದರು. ಆಯಿತು. ಗಂಟು ನಮಗೇ ಬಿಟ್ಟರು, ಅದು ಮುಂದೆ ಕೌದಿಯ ನಡುವೆ ಸೇರಿತು.

ಅಪ್ಪ ಇಷ್ಟಕ್ಕೆ ಬಿಡಲಿಲ್ಲ. ವರ್ಕ್‌ಶಾಪಿನ ಪ್ರತಿ ಜಾಬ್ ಕಾರ್ಡಿನಲ್ಲೂ ಮಾರ್ಕಿಂಗಿಗೆ ಬೇರೆ ಕಾಲಮ್ಮು ಇರುತ್ತಿತ್ತು, ಇಷ್ಟು ಗಂಟೆ ಎಂದು. ಅವರು ನೋಟ್‌ಬುಕ್ಕಿನ ಹಾಳೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬಿಲ್ಲು ಬರೆದರು. 42 ಲಂಗದ ಹೊಲಿಗೆ, ಇಷ್ಟು. ಕೆಳಗೆ, ಗುರುತು ಹಾಕಿದ್ದು, ಎರಡು ಆಳು, ಎರಡು ದಿನ, ಇಷ್ಟು. ಅವ್ವನಿಗೆ ನಾಚಿಕೆ. "ಗೆರೆ ಎಳೆದದ್ದಕ್ಕೆ ಯಾರಾದ್ರೂ ದುಡ್ಡು ಕೇಳ್ತಾರಾ?" ಅಪ್ಪ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಮೂವತ್ತು ವರ್ಷ ನನಗೆ ಸಂಬಳ ಕೊಟ್ಟಿದ್ದು ಅದಕ್ಕೇ ಕಣೇ."

ಬಿಲ್ಲು ನೋಡಿ ಅಲ್ಲಿ ನಕ್ಕರಂತೆ. ಹೊಲಿಗೆಯ ದುಡ್ಡು ಬಂತು, ಎರಡನೇ ಸಾಲಿನದು ಬರಲಿಲ್ಲ. ಅವ್ವ ಅದರ ಬಗ್ಗೆ ಒಂದೂ ಮಾತಾಡಲಿಲ್ಲ. ಆದರೆ ಮುಂದಿನ ವಾರ ತಮ್ಮನ ಹಳೇ ಸ್ಲೇಟು ತಗೊಂಡು ಬಾಗಿಲ ಪಕ್ಕ ನೇತುಹಾಕಿದಳು. ಅದರಲ್ಲಿ ಎರಡು ಸಾಲು. ಹೊಲಿಗೆಗೆ ಇಷ್ಟು, ಬರೀ ಕಟಿಂಗಿಗೆ ಇಷ್ಟು. ಅದಕ್ಕೂ ಮುಂಚೆ ಕತ್ತರಿಸಿ ಕೊಡುವುದು ಅಕ್ಕಪಕ್ಕದವರಿಗೆ ಮಾಡುವ ಉಪಕಾರವಾಗಿತ್ತು. ಒಂದು ಲೋಟ ಕಾಫಿ, ಹೆಚ್ಚೆಂದರೆ ಒಂದು ಸೇರು ಅವರೆಕಾಯಿ, ಅಷ್ಟೇ. ಕೆಲವರು ಮುಖ ಊದಿಸಿಕೊಂಡರು. "ನಾಲ್ಕು ಗೆರೆಗೆ ಐದು ರೂಪಾಯಾ?" ಎಂದು ಒಬ್ಬಾಕೆ ಬಟ್ಟೆ ವಾಪಸು ಒಯ್ದಳು, ಎರಡು ದಿನ ಬಿಟ್ಟು ತಂದಳು. ಮನೆಯಲ್ಲಿ ಮಿಷನ್ನು ಇದ್ದೂ ಕತ್ತರಿಗೆ ಹೆದರುತ್ತಿದ್ದವರೆಲ್ಲ ಬಂದರು. ಸುತ್ತಲ ಹಳ್ಳಿಗಳಿಂದಲೂ ಬಂದರು. ತಮ್ಮನ ಡಿಪ್ಲೊಮಾದ ಮೂರು ವರ್ಷದ ಫೀಸಿನಲ್ಲಿ ಹೆಚ್ಚುಪಾಲು ಆ ಎರಡನೇ ಸಾಲಿನದು. ಮನೆಮಂದಿಯ ವಿವರ ಬರೆದುಕೊಳ್ಳಲು ಒಮ್ಮೆ ಒಬ್ಬರು ಬಂದಾಗ ಅಪ್ಪನ ಹೆಸರಿನ ಮುಂದೆ ನುರಿತ ಕೆಲಸಗಾರ, ಸದ್ಯ ಕೆಲಸವಿಲ್ಲ ಎಂದೂ ಅವ್ವನ ಮುಂದೆ ಮನೆಗೆಲಸ ಎಂದೂ ಬರೆದರು. ಅಪ್ಪ ಪೆನ್ನು ಇಸಿದುಕೊಂಡು ಅವ್ವನದನ್ನು ತಿದ್ದಿದರು. ತಮ್ಮದನ್ನು ಹಾಗೇ ಬಿಟ್ಟರು.

ಅಪ್ಪ ಹೋಗಿ ಕೆಲವು ವರ್ಷಗಳಾದವು. ಅವರ ಚುಕ್ಕಿ ಪಂಚು, ಉಕ್ಕಿನ ಅಳತೆಪಟ್ಟಿ ಅವ್ವನ ದಾರದ ಡಬ್ಬಿಯಲ್ಲಿವೆ. ಅವ್ವನಿಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದು. ಗೆರೆ ಎಳೆಯಲು ಸಾಲುತ್ತದೆ. ಕಳೆದ ಬೇಸಿಗೆಯಲ್ಲಿ ತಮ್ಮನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಉಡುಪಿನ ವಿನ್ಯಾಸ ಓದುತ್ತಿದ್ದಾಳೆ. ಲ್ಯಾಪ್‌ಟಾಪ್ ಬಿಡಿಸಿ ಅಜ್ಜಿಗೆ ತೋರಿಸಿದಳು. ಅಂಗಿಯ ಭಾಗಗಳೆಲ್ಲ ಬಣ್ಣಬಣ್ಣವಾಗಿ ಒಂದರ ಪಕ್ಕ ಒಂದು ತಾವೇ ಬಂದು ಕೂರುತ್ತವೆ, ಎಷ್ಟು ಬಟ್ಟೆ ಪೋಲಾಗುತ್ತದೆ ಎಂದು ಮೂಲೆಯಲ್ಲಿ ಲೆಕ್ಕ ಬರುತ್ತದೆ. ಬಟ್ಟೆ ಕಾರ್ಖಾನೆಗಳಲ್ಲಿ ನೂರಕ್ಕೆ 15ರಷ್ಟು ಕತ್ತರಿಯ ಪಾಲಾಗುವುದು ಮಾಮೂಲು, ಇದರಿಂದ ಅದನ್ನು ಇಳಿಸಬಹುದು ಎಂದಳು. ಅವ್ವ ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದಳು. ಎಲ್ಲಾ ತುಂಡಿನ ಮೇಲೂ ಹಾಸಿನ ದಿಕ್ಕಿಗೆ ಒಂದು ಬಾಣ ಇರುವುದನ್ನು ಕಂಡು ತೃಪ್ತಿಯಾಯಿತು. ಆಮೇಲೆ ಕೇಳಿದಳು.

"ಬಟ್ಟೆ ಎಷ್ಟು ಕುಗ್ಗುತ್ತೆ ಅಂತ ಇದಕ್ಕೆ ಹೇಳಿದೋರು ಯಾರು?"

"ಅದನ್ನ ನಾವೇ ಹಾಕಬೇಕಜ್ಜಿ."

"ನಿನಗೆ ಹೇಳಿದೋರು ಯಾರು?"

ಮೊಮ್ಮಗಳು ತಾನು ತಂದಿದ್ದ ಹತ್ತಿ ಬಟ್ಟೆಯನ್ನು ಚೀಲದಿಂದ ತೆಗೆದಳು. ಅವ್ವ ಅದರ ತುದಿಯಲ್ಲಿ ಅಪ್ಪನ ಅಳತೆಪಟ್ಟಿ ಇಟ್ಟು ಉದ್ದಕ್ಕೆ 50, ಅಗಲಕ್ಕೆ 50 ಸೆಂಟಿಮೀಟರಿನ ಒಂದು ಚೌಕ ಗುರುತು ಮಾಡಿದಳು. ಸೋಪಿನ ಗೆರೆ ನೀರಲ್ಲಿ ನಿಲ್ಲದು ಎಂದು ನಾಲ್ಕು ಮೂಲೆಗೂ ಕೆಂಪು ದಾರದ ಒಂದೊಂದು ಹೊಲಿಗೆ ಹಾಕಿಸಿದಳು. ರಾತ್ರಿ ಬಕೆಟ್ಟಿಗೆ ಹಾಕಿದೆವು. ಬೆಳಿಗ್ಗೆ ಹಿಂಡದೆ ಹಿತ್ತಿಲಿನ ನೆರಳಿನಲ್ಲಿ ಹರವಿ, ಒಣಗಿದ ಮೇಲೆ ಹುಡುಗಿ ತಾನೇ ಅಳೆದಳು. ಅಗಲದಲ್ಲಿ ಏನೂ ಹೋಗಿರಲಿಲ್ಲ. ಉದ್ದದಲ್ಲಿ 2 ಸೆಂಟಿಮೀಟರು ಹೋಗಿತ್ತು. ಇನ್ನೊಮ್ಮೆ ಅಳೆದು, ಲ್ಯಾಪ್‌ಟಾಪ್ ತೆಗೆದು ಅಂಕಿ ತಿದ್ದುತ್ತಾ ಕೂತಳು.